ಅರ್ಧ ಪಾಯಿಂಟ್

ಮಾಯಿಪ್ಪಾಡಿಯ ತರಬೇತಿ ಕೇಂದ್ರದಲ್ಲಿ
ನಾನು ದಿನಗೂಲಿಯ ಟೈಪಿಸ್ಟ್.
ಹತ್ತನೆಯ ತರಗತಿಯ ಸಮಾಜ ಪಾಠ
ಮಲಯಾಳದಿಂದ ಕನ್ನಡಕ್ಕೆ ಬರುವುದು
ಓಣಂ ಪರೀಕ್ಷೆ ಮುಗಿದ ಮೇಲೆ.
ಒಂದೇ ಷರತ್ತು: ಅವರ ಹದಿನಾಲ್ಕನೆಯ ಪುಟ
ನಮ್ಮಲ್ಲೂ ಹದಿನಾಲ್ಕನೆಯದೇ ಆಗಬೇಕು.
ಒಂದು ಗೆರೆ ಹೆಚ್ಚಾದರೆ
ಕೊನೆಯವರೆಗೂ ಎಲ್ಲ ಜಾರುತ್ತದೆ.

ಹದಿನಾಲ್ಕರಲ್ಲಿ ಅಮೆರಿಕ ಹುಟ್ಟುತ್ತದೆ.

ಮಹಾಲಿಂಗ ಮಾಸ್ಟ್ರು ಆ ಘೋಷಣೆಯನ್ನು
ಎದ್ದು ನಿಂತು ಓದಿದರು, ಜನಗಣಮನಕ್ಕೆ ನಿಂತ ಹಾಗೆ:
‘ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು.’
ಓದಿ ಕನ್ನಡಕ ಒರೆಸಿದರು.
ಐವತ್ತಾರರಲ್ಲಿ ನಮ್ಮನ್ನು ಗಡಿಯ ಈಚೆಗೆ ಬರೆದಾಗ
ಅವರ ಅಪ್ಪ ಕಾಸರಗೋಡಿನ ಸಭೆಯಲ್ಲಿ
ಇದೇ ವಾಕ್ಯ ಹೇಳಿದ್ದರಂತೆ, ಇಂಗ್ಲಿಷಿನಲ್ಲಿ.
ಯಾರಿಗೂ ಅರ್ಥವಾಗದೆ ಚಪ್ಪಾಳೆ ಬಿತ್ತಂತೆ.
‘ದಪ್ಪಕ್ಷರದಲ್ಲಿ ಹಾಕು, ಮಾರಾಯ್ತಿ.’

ರುಖಿಯಾ ಟೀಚರ್ ಪಳಂಪೊರಿಯ ಎಣ್ಣೆಯನ್ನು
ಹಳೆಯ ಪ್ರೂಫಿಗೆ ಒತ್ತಿ ತೆಗೆಯುತ್ತಿದ್ದರು.
ತಲೆಯೆತ್ತದೆ ಅಂದರು:
‘ಬರೆದವನ ಹೊಲದ ಲೆಕ್ಕದ ಪುಸ್ತಕದಲ್ಲಿ
ಕುದುರೆಗಳುಂಟು. ಆಳುಗಳೂ ಉಂಟು.
ಅದಕ್ಕೊಂದು ಗೆರೆ ಬೇಡವಾ ಮಾಸ್ಟ್ರೇ?
ಆ ನೆಲದಲ್ಲಿ ಮೊದಲೇ ಇದ್ದವರಿಗೊಂದು?’

‘ಹದಿನೈದು ವರ್ಷದ ಮಕ್ಕಳು!
ಮೊದಲು ದೀಪ ತೋರಿಸಿ, ಮಸಿ ಆಮೇಲೆ.
ಆ ವಾಕ್ಯ ಇಲ್ಲದಿದ್ದರೆ ಆ ಆಳು
ಯಾವುದನ್ನು ಹಿಡಿದು ಕೇಳುತ್ತಿದ್ದ, ಹೇಳಿ?’

‘ಕೇಳಿದ್ದು ಅವನು. ಹಾಗಾದರೆ ವಾಕ್ಯ
ಬರೆದವನದ್ದೋ, ಕೇಳಿದವನದ್ದೋ?’

ಚಹಾ ಆರಿತು.
ಇಬ್ಬರೂ ನನ್ನ ಪರದೆಯ ಕಡೆ ತಿರುಗಿದರು,
ತೀರ್ಪು ಅಲ್ಲಿ ಮೂಡುತ್ತದೆ ಎಂಬ ಹಾಗೆ.
ನಾನೆಂದೆ: ಇರುವುದು ಒಂದೇ ಗೆರೆಯ ಜಾಗ.

ಸಂಜೆ ಅವರು ಸೀತಾಂಗೋಳಿಯ ಬಸ್ಸಿಗೆ ಹೋದರು.
ಫಾಂಟ್ ಬದಲಿಸುವಾಗ ಅಕ್ಷರ ಒಡೆಯುವುದು ಹೊಸತಲ್ಲ;
ಒತ್ತು ಕಳಚುತ್ತದೆ, ಕೊಂಬು ಎಲ್ಲೋ ಹೋಗಿ ಅಂಟುತ್ತದೆ.
ಪ್ರಿಂಟು ತೆಗೆದು ನೋಡಿದರೆ
ದಪ್ಪಕ್ಷರದಲ್ಲಿ, ನಟ್ಟ ನಡುವೆ:
‘ಎಲ್ಲ ಮನುಷ್ಯರೂ ಹುಟ್ಟಿನಿಂದ ಸಾಮಾನು.’

ಯಂತ್ರವೋ, ನನ್ನ ಬೆರಳೋ, ಗೊತ್ತಿಲ್ಲ.
ಒಂದು ದೀರ್ಘ ಬಂತು, ಒಂದು ರಕಾರ ಹೋಯಿತು. ಅಷ್ಟೇ.
ನಗು ಬಂತು. ಆಮೇಲೆ ನಿಂತಿತು.

ನನ್ನ ಅಜ್ಜಿ ಐತೆಯ ಅಪ್ಪ ಇದ್ದದ್ದು
ಪೆರ್ಲದ ಕಡೆಯ ಒಬ್ಬ ಧಣಿಯ ಭೂಮಿಯಲ್ಲಿ.
ಅದು ಕೈ ಬದಲಾದ ದಿನ ಓದಿ ಹೇಳಿದರಂತೆ:
ಬೈಲು ಗದ್ದೆ ಎರಡು, ಹಲಸಿನ ಮರ ಐದು,
ಕೋಣ ಒಂದು ಜೋಡಿ, ಮೂಲದಾಳು ಮೂರು.
ಮೂರರಲ್ಲಿ ಅವನು ಎಷ್ಟನೆಯವನೋ
ಅಜ್ಜಿಗೆ ಗೊತ್ತಿರಲಿಲ್ಲ.
ಹಲಸಿನ ಮರಗಳು ಯಾವುವೆಂದು ಗೊತ್ತಿತ್ತು.

ಅದೇ ಅಜ್ಜಿ ಆಗಸ್ಟ್ ಹದಿನೈದಕ್ಕೆ
ಮಿಂದು, ಇದ್ದ ಒಳ್ಳೆಯ ಸೀರೆ ಉಟ್ಟು,
ಶಾಲೆಯ ಬೇಲಿಯ ಹೊರಗೆ ನಿಂತು
ಬಾವುಟ ಮೇಲೇರುವುದನ್ನು ನೋಡುತ್ತಿದ್ದಳು.
‘ಅದು ನಮ್ಮದೂ ಹೌದಲ್ಲಾ’ ಅನ್ನುತ್ತಿದ್ದಳು.
ಒಳಗೆ ಕರೆದರೆ ಬರುತ್ತಿರಲಿಲ್ಲ.

ಎಂಟು ಗಂಟೆಗೆ ವಾಚ್‌ಮನ್ ಬೀಗ ಅಲ್ಲಾಡಿಸಿದ.
ಸಾಮಾನು ಅಳಿಸಿ ಸಮಾನರು ಎಂದು ಹೊಡೆದೆ.
ಮಾಸ್ಟ್ರ ದಪ್ಪಕ್ಷರ ತೆಗೆದೆ, ಸ್ವಲ್ಪ ಜಾಗ ಸಿಕ್ಕಿತು.
ಪುಟದ ಅಕ್ಷರಗಳನ್ನೆಲ್ಲ ಅರ್ಧ ಪಾಯಿಂಟ್ ಇಳಿಸಿದೆ.
ಟೀಚರ ಎರಡು ಗೆರೆಗಳೂ ಒಳಗೆ ಬಂದವು,
ತುಂಬಿದ ಬಸ್ಸಿನಲ್ಲಿ ಸರಿದು ಕೂತ ಹಾಗೆ.
ಹದಿನೈದನೆಯ ಪುಟ ಕದಲಲಿಲ್ಲ.

ಯಾರನ್ನೂ ಕೇಳಲಿಲ್ಲ.
ದೃಷ್ಟಿ ಮಂದವಿರುವ ಮಗು ಯಾವುದಾದರೂ
ಪುಸ್ತಕವನ್ನು ಮುಖದ ಹತ್ತಿರ ತಂದುಕೊಳ್ಳಬೇಕಾದೀತು.
ತಂದುಕೊಳ್ಳಲಿ.

ತಪ್ಪಾದ ಪ್ರಿಂಟನ್ನು ಹರಿದು ಎಸೆಯುವುದು ನಿಯಮ.
ಮಡಚಿ ಬ್ಯಾಗಿನಲ್ಲಿ ಹಾಕಿಕೊಂಡೆ.
ಮನೆಯಲ್ಲಿ, ರೇಷನ್ ಕಾರ್ಡಿನ ಒಳಗೆ
ಅದು ಈಗಲೂ ಉಂಟು.