ಮೂರನೆಯ ಗುಂಡಿ

ಸವಳಂಗ ರಸ್ತೆಯ ಜೆರಾಕ್ಸ್ ಅಂಗಡಿಯ ಮೇಲೆ
ಎರಡು ಮೇಜು, ಒಂದೂವರೆ ಫ್ಯಾನು.
ಅಲ್ಲಿ ಕಟ್ಟಿದೆವು ನಾನೂ ತೌಸೀಫನೂ
ಅನ್ನ ಚೆಲ್ಲದಿರಲು ಒಂದು ಆ್ಯಪು.

ತೆರೆಯ ಮೇಲೆ ಎರಡೇ ಗುಂಡಿ:
ಹಸಿರಿನದು ‘ಉಂಡೆವು’, ಕೆಂಪಿನದು ‘ಚೆಲ್ಲಿದೆವು’.
ಹಸಿರೊತ್ತಿದರೆ ಒಂದು ಎಲೆ ಚಿಗುರುತ್ತದೆ,
ಕೆಂಪೊತ್ತಿದರೆ ಒಂದು ಮುಖ ಸಪ್ಪಗಾಗುತ್ತದೆ.
(ಮುಖ ಬರೆದವಳು ನಾನೇ. ಹುಬ್ಬಿಗೇ ಎರಡು ದಿನ ಹಿಡಿಯಿತು.)

ಗೋಪಾಳದ ಮೂವತ್ತೆರಡು ಮನೆಗೆ ಹಾಕಿಕೊಟ್ಟೆವು.
ಮೊದಲ ವಾರವೇ ಲೀನಾಬಾಯಿಯ ಫೋನು:
‘ದೋಸೆಹಿಟ್ಟು ಹುಳಿ ಬಂದಿದೆ. ಈಗ ಯಾವುದು ಒತ್ತಲಿ?
ನಾಳೆ ಈರುಳ್ಳಿ ಹಾಕಿ ಪಡ್ಡು ಹೊಯ್ಯುವವಳು ನಾನು.’
ಹಳಸಿದ್ದು ಬೇರೆ, ಹುಳಿತದ್ದು ಬೇರೆ, ತಂಗಳು ಬೇರೆ,
ಒಗ್ಗರಣೆಗೆ ಕಾಯುತ್ತ ಕೂತದ್ದು ಬೇರೆ.
ಹೌದು-ಇಲ್ಲಗಳ ನಡುವೆ ಇಡೀ ಒಂದು ಅಡುಗೆಮನೆ ಇದೆ
ಎಂದು ನಮ್ಮ ಕೋಡಿಗೆ ಯಾರೂ ಹೇಳಿರಲಿಲ್ಲ.
ಮೂಗನ್ನು ಬರೆಯುವ ಭಾಷೆ
ತೌಸೀಫನಿಗೂ ಗೊತ್ತಿರಲಿಲ್ಲ.

ಆದರೂ ತಿಂಗಳ ಕೊನೆಗೆ ಲೆಕ್ಕ ತೆಗೆದರೆ
ತೆರೆ ತುಂಬ ಎಲೆ. ಕಾಡೇ ಬೆಳೆದಿತ್ತು.
ಚೆಲ್ಲಿದ್ದು: ಸೊನ್ನೆ, ಸೊನ್ನೆ, ನೂರು ಗ್ರಾಂ, ಸೊನ್ನೆ.
ಖುಷಿಗೆ ತೌಸೀಫ್ ಸಮೋಸ ತರಿಸಿದ.
ಎರಡು ಉಳಿದವು.

ಮರುದಿನ ಬೆಳಿಗ್ಗೆ ಆರೂವರೆ. ಕಸದ ಆಟೊ
ತನ್ನ ಹಾಡು ಒದರುತ್ತ ತಿರುವಿನಲ್ಲಿ ನಿಂತಿತು.
ಚೌಡಮ್ಮನಿಗೆ ಹೆಮ್ಮೆಯಿಂದ ಮೊಬೈಲು ತೋರಿಸಿದೆ.
ಕೈಗವಸಿನ ಬೆರಳನ್ನು ತೆರೆಗೆ ತಾಗಿಸದೆ
ಗಾಳಿಯಲ್ಲೇ ಆಡಿಸಿದಳು:

‘ಸೊನ್ನೆಯಾ? ಈ ಮನೇದು ಸೋಮವಾರ ಸೋಮವಾರ
ಅರ್ಧ ಕುಕ್ಕರ್ ಪಲಾವು. ನೆಂಟ್ರು ಬರ್ತಾರಂತ ಮಾಡ್ತಾರೆ,
ಅವರು ಬರಲ್ಲ.
ಹಸಿರು ಗೇಟಿನೋರು ಬ್ರೆಡ್ಡಿನ ಅಂಚು. ಮಗು ತಿನ್ನಲ್ಲ.
ಆ ಮೂಲೆಯೋರು ನಿನ್ನ ಮೊಬೈಲ್ ಇಲ್ದಿದ್ರೂ ಚೆಲ್ಲಲ್ಲ,
ಬಕೆಟ್ಟಲ್ಲಿ ಬರೀ ಬಾಳೆಸಿಪ್ಪೆ, ಟೀ ಚರಟ.
ಗುಂಡಿ ಒತ್ತೋರು ನೀವು, ಗುಂಡಿ ತುಂಬೋರು ನಾವು.’
ಸ್ವಲ್ಪ ತಡೆದಳು.
‘ನಿಮ್ಮನೇದು ಹೇಳ್ಲಾ?
ದಿನಾ ಒಂದಾಳಿನ ಅನ್ನ. ಸಾರು ಸೋಕಿರಲ್ಲ.
ಪೇಪರಲ್ಲಿ ಸುತ್ತಿ ಅಡಿಗೆ ಇಟ್ಟಿರ್ತಾರೆ ನಿಮ್ಮಮ್ಮ,
ನನಗೆ ಕಾಣಬಾರದು ಅಂತ.’

ಆಟೊ ಹೊರಟಿತು. ಹಾಡು ಮುಂದಿನ ಕ್ರಾಸಿಗೆ ಹೋಯಿತು.

ರಾತ್ರಿ ಹತ್ತು, ಕೆಟ್ಟುಹೋದ ತಲೆ,
ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಎಗ್‌ರೈಸು,
ಚಪ್ಪಲಿ ಬಿಡುತ್ತಲೇ ಒಂದು ಮಾತು,
‘ತಿಂದ್ಕೊಂಡೇ ಬಂದೆ.’
ಈ ಊರಲ್ಲಿ ಅತಿ ಹೆಚ್ಚು ಅನ್ನ ಕೆಡಿಸುವುದು
ಸೆಖೆಯಲ್ಲ, ಇರುವೆಯಲ್ಲ, ಕರೆಂಟು ಹೋದ ಫ್ರಿಜ್ಜೂ ಅಲ್ಲ,
ಈ ಎರಡು ಪದ.
ಅಮ್ಮನ ಮೊಬೈಲು ತೆಗೆದು ನೋಡಿದೆ.
ಮೂವತ್ತು ದಿನ, ಮೂವತ್ತು ಎಲೆ.
ಮಗಳ ಲೆಕ್ಕ ತಪ್ಪದಿರಲೆಂದು
ದಿನಾ ಹಸಿರೊತ್ತಿ ಮಲಗಿದ್ದಾಳೆ.

ಸಪ್ಪೆ ಮುಖ ಅಳಿಸಿದೆ, ಹುಬ್ಬಿನ ಸಮೇತ.
ಎಲೆಗಳನ್ನೂ.
ಈಗ ಸಂಜೆ ಐದೂವರೆಗೆ, ಅಕ್ಕಿ ತೊಳೆಯುವ ಮುಂಚೆ,
ಮನೆಮಂದಿಯ ಮೊಬೈಲಿಗೆಲ್ಲ ಒಂದೇ ಪ್ರಶ್ನೆ:
‘ಊಟಕ್ಕೆ ಬರ್ತೀಯಾ?’
ಹೂಂ ಒಂದು ಗುಂಡಿ. ಇಲ್ಲ ಒಂದು ಗುಂಡಿ.
ತೌಸೀಫ್ ಬೇಡವೆಂದರೂ ಮೂರನೆಯದು ಇಟ್ಟೆ:
‘ಇನ್ನೂ ಗೊತ್ತಿಲ್ಲ, ಆದ್ರೆ ಹೇಳ್ತೀನಿ.’

ಮೊದಲ ದಿನ ಹೂಂ ಒತ್ತಿ ಬೇಗ ಮನೆಗೆ ಬಂದೆ.
ಅಮ್ಮ ಪಾವಿನಲ್ಲಿ ಅಳೆದಳು, ಇಬ್ಬರಿಗೆ ಎಷ್ಟೋ ಅಷ್ಟು.
ಬೆರಳಿಂದ ತಲೆ ಸವರಿದಳು.
ಡಬ್ಬದ ಮುಚ್ಚಳ ಹಾಕಲು ಹೋದವಳು ನಿಂತು
ಮತ್ತೊಂದು ಹಿಡಿ ಪಾತ್ರೆಗೆ ಬಿಟ್ಟಳು.
‘ಯಾಕಮ್ಮ?’
‘ಯಾರಾದ್ರೂ ಬಂದ್ರೆ?’

ಯಾರೂ ಬರಲಿಲ್ಲ.
ಬೆಳಿಗ್ಗೆ ಆ ಒಂದು ಹಿಡಿಗೆ ನಿಂಬೆಹುಳಿ, ಕಡಲೆಬೀಜ.
ಡಬ್ಬಿ ಬಿಚ್ಚಿದಾಗ ತೌಸೀಫ್ ಚಮಚ ಚಾಚಿ ಕೇಳಿದ,
ಇದನ್ನು ಯಾವ ಪಟ್ಟಿಗೆ ಸೇರಿಸೋಣ?
ನನ್ನ ಬಾಯಿ ತುಂಬಿತ್ತು.