ಧಣಿ ಸ್ಪರ್ಧೆ

ಒಟ್ಟು ಮೂರು ಸಾವಿರದ ನಾನೂರು.
ಅದರಲ್ಲಿ ಇನ್ನೂರರದ್ದು ಹರಿದ ನೋಟು,
ಪೆಟ್ರೋಲ್ ಬಂಕಿನವನೂ ಒಲ್ಲೆನೆಂದದ್ದು.
ಇಷ್ಟರಲ್ಲೇ ಕಾರವಾರಕ್ಕೆಲ್ಲ ತಿಳಿಯಬೇಕು:
ಬರುವ ಭಾನುವಾರ, ಬೈತಖೋಲದಲ್ಲಿ,
ಬಲೆ ಒಣಗಿಸುವ ಬಯಲಲ್ಲಿ
ಕಾರುಗಳು ಹಾಡುತ್ತವೆ, ನಾವು ಅಳೆಯುತ್ತೇವೆ.
ಬಯಲಿಗೆ ಬಾಡಿಗೆಯಿಲ್ಲ,
ದೋಣಿ ಬರುವುದರೊಳಗೆ ಜಾಗ ಬಿಡಬೇಕು, ಅಷ್ಟೇ.

ಬ್ಯಾನರಿಗೆ ಹಣವೆಲ್ಲಿ?
ಹೋದ ಚುನಾವಣೆಯ ಫ್ಲೆಕ್ಸ್ ಒಂದಿತ್ತು
ಅಂಗಡಿಯ ಸೋರುವ ಮೂಲೆಗೆ ಹೊದೆಸಿದ್ದು.
ತಿರುವಿ ಹಾಕಿದೆ. ಅದರ ಬಿಳಿ ಬೆನ್ನಿಗೆ
ದೋಣಿಗಳಿಗೆ ಹೆಸರು ಬರೆಯುವ ಮಾಬ್ಲು ಹರಿಕಂತ್ರ
ಮಿಕ್ಕ ನೀಲಿಯಲ್ಲಿ ಬರೆದುಕೊಟ್ಟ.
ಕೂಲಿ ಬೇಡವಂತೆ, ಅವನ ಟೆಂಪೋಗೆ
ಎರಡು ಸ್ಪೀಕರು ಕೂರಿಸಿಕೊಡಬೇಕಂತೆ.
ಬಿಸಿಲಿಗೆ ಹಿಡಿದರೆ, ಮುಗಿದ ಕೈಗಳೆರಡು
ಅಕ್ಷರಗಳ ಹಿಂದಿನಿಂದ ಇನ್ನೂ ಬೇಡುತ್ತಿದ್ದವು.

ಚೀಟಿಗೆ ಸುಂಕೇರಿಯ ಇನಾಸನ ಪ್ರೆಸ್ಸು.
ಊರಿಗೆ ಊರನ್ನೇ ‘ಪಾತ್ರಾಂವ್’ ಎನ್ನುವವ ಅವ,
ಸಾಲ ಕೊಟ್ಟವನಿಗೂ, ಕೇಳಲು ಬಂದವನಿಗೂ.
ಮದುವೆ ಕಾರ್ಡು ಕತ್ತರಿಸಿ ಉಳಿದ ಗುಲಾಬಿ ಅಂಚು,
ಅಂಗೈಯಗಲ, ಐನೂರು ಚೀಟಿ, ಆರುನೂರು ರೂಪಾಯಿ.
ಮನೆಗೆ ತಂದು ಕಟ್ಟು ಬಿಚ್ಚಿದೆ:
‘ಭವ್ಯ ಕಾರ್ ಧಣಿ ಸ್ಪರ್ಧೆ.’
ಧ್ವನಿ ಎದ್ದುಹೋಗಿ ಆ ಜಾಗದಲ್ಲಿ ಧಣಿ ಕೂತಿದ್ದಾನೆ
ಐನೂರು ಕಡೆ, ಕಾಲ ಮೇಲೆ ಕಾಲು ಹಾಕಿ.
“ಒಂದೊತ್ತು ಬಿದ್ದಿದೆ, ನಕಾರ ತುಸು ದಪ್ಪಗಾಗಿದೆ,
ಅದಕ್ಯಾಕೆ ಇಷ್ಟು ಗಲಾಟೆ ಪಾತ್ರಾಂವ್?” ಎಂದ ಇನಾಸ.
ಮತ್ತೆ ಅಚ್ಚು ಹಾಕಲು ಮತ್ತೆ ಆರುನೂರು.
ಹಂಚಿಬಿಟ್ಟೆ.

ಪಾವಿನ ಸೈಕಲ್ಲಿನವ ಡಜನ್ನಿಗೊಂದು ಇಟ್ಟ.
ಶೇವಂತಿಬಾಯಿ ಬಂಗಡೆಯ ಪೊಟ್ಟಣಕ್ಕೆ ಸಿಕ್ಕಿಸಿದಳು,
ಕಾಜುಬಾಗದ ಬೆಕ್ಕುಗಳಿಗೆಲ್ಲ
ನನ್ನ ಜಾಹೀರಾತು ಬಾಯಿಪಾಠ.
ಮೈಕಿನ ಆಟೋದವ ದಿನಕ್ಕೆ ಎರಡು ಸಾವಿರ ಎಂದ.
ನನ್ನದೇ ಮಾರುತಿಯ ಡಿಕ್ಕಿ ತೆರೆದು
ಬಸ್ ಸ್ಟ್ಯಾಂಡಿನೆದುರು ಎರಡೇ ನಿಮಿಷ
ಬಾಸ್ ಬಿಟ್ಟೆ. ಹೋಟೆಲಿನ ಗಾಜಿನ ಕಪಾಟಿನೊಳಗೆ
ಬನ್ಸುಗಳು ಒಂದಕ್ಕೊಂದು ಆತುಕೊಂಡು ನಡುಗಿದವು.
ಪೊಲೀಸರು ಬಂದು ಐನೂರು ದಂಡ ಬರೆದರು.
ಪ್ರಚಾರದ ಲೆಕ್ಕಕ್ಕೇ ಹಾಕಿಕೊಂಡೆ.

ಭಾನುವಾರ ಧ್ವನಿಗೆಂದು ಬಂದ ಕಾರು ಏಳು:
ಅಂಕೋಲೆಯ ಹುಡುಗರವು, ಮಾಜಾಳಿಯದೊಂದು,
ಗೋವಾ ನಂಬರಿನದೊಂದು,
ಸ್ಟೆಪ್ನಿಗೂ ಜಾಗವಿಲ್ಲದಷ್ಟು ಸ್ಪೀಕರು ತುಂಬಿದ್ದು.
ಧಣಿಗೆಂದು ಬಂದದ್ದು ಇಪ್ಪತ್ತಮೂರು!
ಕಾರು ತೊಳೆಸಿ, ಇಸ್ತ್ರಿ ಅಂಗಿ ತೊಟ್ಟು,
ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು.
“ನಾವೀಗ ಏನು ಮಾಡಬೇಕು?”
ನಿಮ್ಮ ಕಾರಿನ ಸದ್ದು ಕೇಳಿಸಿ, ಎಂದೆ.
ಒಬ್ಬರು ಹಾರ್ನು ಹೊಡೆದರು.

ಎಲ್ಲರ ಹಿಂದೆ ಬಂದವ ಇಳಿದು ಕೈಕಟ್ಟಿ ನಿಂತ.
“ಧಣಿ ಮನೆಯಲ್ಲಿದ್ದಾರೆ. ನಾನು ಓಡಿಸುವವ,
ಬೊಮ್ಮಯ್ಯ ಗುನಗಿ. ನಡೆಯುತ್ತದೋ?”
ಹದಿನಾರು ವರ್ಷದ ಕಾರು,
ಕಂಪನಿ ಕೊಟ್ಟ ರೇಡಿಯೋ, ಎರಡು ಬಡ ಸ್ಪೀಕರು.

ಬಾಸಿನಲ್ಲಿ ಗೋವಾದವ ಗೆದ್ದ, ಅದು ಗೊತ್ತಿದ್ದದ್ದೇ.
ಆದರೆ ಅವನದೂ ಸೇರಿ ಎಲ್ಲರದ್ದರಲ್ಲೂ
ಹಾಡಿಗಿಂತ ತಗಡು ಜಾಸ್ತಿ,
ನಂಬರ್ ಪ್ಲೇಟಿನದೇ ಬೇರೆ ತಾಳ.
ಬೊಮ್ಮಯ್ಯನ ಕಾರಿನೊಳಗೆ ಕೂತು ಬಾಗಿಲೆಳೆದುಕೊಂಡೆ.
ಆಕಾಶವಾಣಿಯಲ್ಲಿ ಯಾರೋ ಹೆಂಗಸು
ಒಣ ಸೀಗಡಿ ಚಟ್ನಿ ಹೇಳಿಕೊಡುತ್ತಿದ್ದಳು.
ಅವಳು ಹಾಳೆ ಮಗುಚಿದ್ದು ಕೇಳಿಸಿತು.
ಸೀಗಡಿ ಎಂದಾಗ ಅವಳಿಗೇ ನೀರೂರಿದ್ದು ಕೇಳಿಸಿತು.
ಒಂದು ಸ್ಕ್ರೂ ಕೂಡ ನಡುವೆ ಬಾಯಿ ಹಾಕಲಿಲ್ಲ.

ಬಾಗಿಲ ಪೊಳ್ಳಿನಲ್ಲಿ ಸೈಕಲ್ ಟ್ಯೂಬಿನ ಚೂರಂತೆ,
ಡ್ಯಾಶ್‌ಬೋರ್ಡಿನಡಿ ಮಡಚಿಟ್ಟ ಹರಕು ಬಲೆಯಂತೆ.
“ಹಿಂದೆ ಕೂತವರು ಮಾತಾಡುವಾಗ
ಮುಂದೆ ಏನೂ ಸದ್ದಾಗಬಾರದು ಎನ್ನುತ್ತಾರೆ ಧಣಿ.
ಒಂದೊಂದೇ ಹುಡುಕಿ ಅಡಗಿಸಿದೆ.
ಮೊದಲು ನನ್ನದು” ಎಂದು ನಕ್ಕ.

ಬಹುಮಾನದ ಆಂಪ್ಲಿಫಯರು ಬೇಡವೆಂದ,
ಕಾರು ತನ್ನದಲ್ಲ, ಎಲ್ಲಿ ಕೂರಿಸಲಿ?
ಗುಲಾಬಿ ಚೀಟಿಯೊಂದನ್ನು ಕೇಳಿ ಪಡೆದು
ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

ಬೆಳಕು ಇಳಿಯಿತು. ಲೆಕ್ಕ ಮುಗಿಸಿದರೆ
ಕೈಯಲ್ಲಿ ಉಳಿದದ್ದು ಆ ಹರಿದ ಇನ್ನೂರು.
ಫ್ಲೆಕ್ಸು ಸುತ್ತುತ್ತಿದ್ದೆ. ಟ್ರಾಲರೊಂದು ಬಂದು
ಧಕ್ಕೆಗೆ ಒರಗಿತು, ಎಂಜಿನ್ ಆರಿಸದೆ.
ಹುಬ್ಬಳ್ಳಿಯಿಂದ ಬಾಡಿಗೆಗೆ ತಂದ ಮೀಟರು
ಬೆಂಚಿನ ಮೇಲೆ ಇನ್ನೂ ಎಚ್ಚರವಿತ್ತು,
ತೊಂಬತ್ತಾರು ತೋರಿಸಿತು.
ಪ್ರವೇಶ ಶುಲ್ಕ ಕೇಳೋಣವೆಂದು ಹೋದೆ.
ಅದರ ಧಣಿಯೂ ಮನೆಯಲ್ಲೇ ಇದ್ದರು.