ಪಾಪರ್ ಚೀಟಿಗೆ ಕಂತು

ಆರುನೂರ ಎಂಬತ್ತು ಪೌಂಡು.
ಕೈಯಲ್ಲಿ ಏನೂ ಇಲ್ಲವೆಂದು ಸರ್ಕಾರಕ್ಕೆ ಹೇಳಲು
ಕೈಯಲ್ಲಿ ಇರಬೇಕಾದ ಮೊತ್ತ.
ನೂರ ಮೂವತ್ತು, ಹೌದು ನೀನು ದಿವಾಳಿ ಎಂದು ಒಪ್ಪುವವರಿಗೆ;
ಉಳಿದದ್ದು, ಆಮೇಲೆ ಬಂದು
ಖಾಲಿ ಡಬ್ಬ ಅಲುಗಿಸಿ ನೋಡುವವರಿಗೆ.

ಕಂತಿನಲ್ಲಿ ಕಟ್ಟಬಹುದು, ಎಂದಳು ಲೈಬ್ರರಿಯ ಹುಡುಗಿ,
ಕಂಪ್ಯೂಟರಿನ ಪರದೆಯನ್ನು ಗ್ಲೆಂಡಾಳ ಕಡೆ ತಿರುಗಿಸಿ.
ಕಡಿಮೆಯೆಂದರೆ ಐದು.
ಪೂರ್ತಿ ಸಂದಾಯವಾಗುವ ತನಕ ಅರ್ಜಿ ಅಲ್ಲಾಡುವುದಿಲ್ಲ.
ಗ್ಲೆಂಡಾ ಪಾಕ್ಲಿ ನಕ್ಕಳು, ಲೈಬ್ರರಿಯೆಂಬುದು ಮರೆತು.

ಗ್ರಿಮ್ಸ್‌ಬಿಯ ಫ್ರೀಮನ್ ಬೀದಿಯಲ್ಲಿ ಇಪ್ಪತ್ತೆರಡು ವರ್ಷ
ಊರಿನ ತಲೆಗಳನ್ನು ತೊಳೆದವಳು.
ಮೀನು ಕೊಯ್ಯುವ ಹೆಂಗಸರ ಕೂದಲಿನಿಂದ
ಹ್ಯಾಡಕ್ಕಿನ ಹೊಗೆವಾಸನೆ ಬಿಡಲು ಎಷ್ಟು ಸಲ ಶಾಂಪೂ ಬೇಕೆಂದು
ಅವಳ ಬೆರಳಿಗೇ ಗೊತ್ತು.
ಎರಡನೆಯ ಅಂಗಡಿ ಹಿಡಿದದ್ದು ತಪ್ಪು.
ಬಾಡಿಗೆ ಕರಾರಿಗೆ ತಾನೇ ಜಾಮೀನೆಂದು ರುಜು ಹಾಕಿದ್ದು ಇನ್ನೂ ತಪ್ಪು.
ಅರವತ್ತೊಂದು ಸಾವಿರ.
ಬಡವರಿಗೆಂದೇ ಇರುವ ಪುಕ್ಕಟೆ ದಾರಿಗೆ
ಅವಳ ಸಾಲ ತುಸು ದಪ್ಪ;
ಬಾಗಿಲಲ್ಲೇ ಸಿಕ್ಕಿಕೊಂಡಿತು.

ಫೆಬ್ರವರಿಯಲ್ಲಿ ಐದು. ಮತ್ತೆ ಐದು.
ಡ್ರೈಯರ್ ಕುರ್ಚಿ ಹೋದ ವಾರ ಮೂವತ್ತು.
ಏಪ್ರಿಲ್ ಇಡೀ ಗ್ಯಾಸ್ ಮೀಟರಿನ ಬಾಯಿಗೆ.

ಸಂಜೆ ಫೋನು. ಕಾರ್ಡ್ ಕಂಪನಿಯ ಕೀರನ್,
ಗಂಟಲು ಇನ್ನೂ ಒಡೆಯುತ್ತಿರುವಂಥ ದನಿ:
"ಮೇಡಂ, ಈ ತಿಂಗಳು ಒಂದೈದು ಪೌಂಡಾದರೂ..."
"ಇದೆ ಮಗಾ, ಐದು ಪೌಂಡು ಇದೆ.
ನಿನಗೆ ಕೊಡಲು ನನ್ನಲ್ಲಿ ಏನೂ ಇಲ್ಲವೆಂದು ಬರೆಸಲಿಕ್ಕೆ
ಅದನ್ನು ಬೇರೆ ಕಡೆ ಕಟ್ಟಬೇಕಾಗಿದೆ."
ಆ ಕಡೆ ಮೌನ.
ಮಾತೆಲ್ಲ ದಾಖಲಾಗುತ್ತಿದೆ ಎಂದು ನೆನಪಾಗಿ
ಹುಡುಗ ಕೆಮ್ಮಿದ.

ನಮ್ಮ ಹಿರಿಯರು ಇದಕ್ಕೆ ಪಾಪರ್ ಚೀಟಿ ಎನ್ನುತ್ತಿದ್ದರು.
ಅವಳ ನಾಡಿನಿಂದಲೇ ಹಡಗು ಹತ್ತಿ ಬಂದ ಪದ;
ಇಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ
ನಮ್ಮ ಪಾಪ ಅದಕ್ಕೆ ಅಂಟಿಕೊಂಡಿತು.
ಮಾಡಿದ ಪಾಪವೋ, ಅಯ್ಯೋ ಪಾಪವೋ,
ಹೇಳುವವರ ಬಾಯಿಗೆ ಬಿಟ್ಟದ್ದು.
ಗ್ಲೆಂಡಾಳಿಗೆ ಇದೆಲ್ಲ ಗೊತ್ತಿಲ್ಲ. ಗೊತ್ತಿರುವುದು
ಇನ್ನು ಎಷ್ಟು ಬಾಕಿ ಎಂಬುದೊಂದೇ.

ಅಕ್ಟೋಬರಿನಲ್ಲಿ ವಿನಿಫ್ರೆಡ್ ಆಸ್ಗರ್ಬಿ ತೀರಿಕೊಂಡಳು.
ಎಂಬತ್ತೊಂಬತ್ತು ವರ್ಷ; ಪ್ರತಿ ಶುಕ್ರವಾರ, ಹತ್ತೂವರೆಗೆ.
ಅಮ್ಮನ ಕೂದಲನ್ನು ಬೇರೆಯವರು ಮುಟ್ಟುವುದು ಬೇಡ,
ಎಂದಳು ಮಗಳು.
ಶವ ಇರಿಸಿದ ತಣ್ಣನೆಯ ಕೋಣೆಯಲ್ಲಿ
ಅಭ್ಯಾಸಬಲದಿಂದ ಗ್ಲೆಂಡಾ ಕೇಳಿದಳು:
ನೀರು ಬಿಸಿ ಹೆಚ್ಚಾಯಿತೆ?
ಎಡಗಿವಿಯ ಹಿಂದಿನ ಸುರುಳಿ
ಎಂದಿನಂತೆ ಹಟ ಹಿಡಿಯಿತು.
ಮಗಳು ಲಕೋಟೆ ಚಾಚಿದಾಗ
ಬೇಡವೆನ್ನಲು ಬಾಯಿ ತೆರೆದಳು, ಮುಚ್ಚಿದಳು.
ನಲವತ್ತು. ಬಾಕಿ ಇದ್ದದ್ದು ಮೂವತ್ತೈದು.
ಮಿಕ್ಕ ಐದಕ್ಕೆ ಬಿಸಿ ಚಿಪ್ಸ್ ಕೊಂಡು
ಹಂಬರ್ ಗಾಳಿಗೆ ಬೆನ್ನು ಕೊಟ್ಟು ತಿಂದಳು,
ಕಾಗದಕ್ಕೆ ಹತ್ತಿದ ಉಪ್ಪನ್ನೂ.

ಸೋಮವಾರ ಅರ್ಜಿ ತೆರೆಯಿತು.
ಹಾಸಿಗೆ ಇಟ್ಟುಕೊಳ್ಳಬಹುದು. ಬಟ್ಟೆ, ಒಲೆ.
ಕಸುಬಿನ ಹತಾರ: ಕತ್ತರಿ ಮೂರು.
ಕತ್ತರಿಯನ್ನು ಕಾನೂನು ಮುಟ್ಟುವುದಿಲ್ಲ ಎಂದು ಓದುವಾಗ
ತೊಡೆಯ ಮೇಲಿದ್ದ ಬಲಗೈ ತಾನಾಗಿ
ಎರಡು ಸಲ ತೆರೆದು ಮುಚ್ಚಿಕೊಂಡಿತು.

ಆಮೇಲೊಂದು ಪ್ರಶ್ನೆ:
ನಿಮಗೆ ಯಾರಿಂದಾದರೂ ಹಣ ಬರಬೇಕಾಗಿದೆಯೆ?
ಚೀಲದಲ್ಲಿ ಅಂಗಡಿಯ ಹಳೇ ನೋಟ್‌ಬುಕ್ಕಿದೆ.
ಅದರಲ್ಲಿ ವಿನಿಫ್ರೆಡ್ಡಳ ನಡುಗುವ ಅಕ್ಷರ:
ಮುಂದಿನ ವಾರ ಖಂಡಿತ.
ಹಾಗೆ ಒಂಬತ್ತು ಶುಕ್ರವಾರ, ನೂರ ಎಂಟು ಪೌಂಡು.
ಸುಳ್ಳು ಬರೆದರೆ ಶಿಕ್ಷೆಯುಂಟೆಂದು ಕೆಳಗೆ ದಪ್ಪಕ್ಷರ.

ಗ್ಲೆಂಡಾ ಕನ್ನಡಕ ಒರೆಸಿಕೊಂಡಳು.
ಇಲ್ಲ, ಎಂದು ಒತ್ತಿದಳು.